ಪ್ರತಿ ಟ್ರಿಪ್ಪಿಗೆ ಒಂದು ಲೀಟರ್

ಲೋಕದಲ್ಲಿ ಕೆಲವರು ಕತ್ತಿ ಹಿಡಿದು ರಾಜ್ಯ ಆಳುತ್ತಾರೆ. ನಮ್ಮ ತೊಟ್ಟಪ್ಪ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಬ್ರೆಡ್ ಕಾರ್ಖಾನೆಯ ಮೂರು ವ್ಯಾನುಗಳನ್ನು ಇಪ್ಪತ್ತಾರು ವರ್ಷ ಆಳಿದವನು. ಇವತ್ತಿನ ದಾರಿಗೆ ಯಾವ ಗಾಡಿ ಎಷ್ಟು ಡೀಸೆಲ್ ಕುಡಿಯುತ್ತದೆ ಎಂದು ಬೆಳಿಗ್ಗೆ ಅಂದಾಜು ಬರೆಯುವುದು, ಸಂಜೆ ಮೀಟರ್ ನೋಡಿ ತಾಳೆ ಹಾಕುವುದು, ಇಷ್ಟೇ ಆ ಗುಮಾಸ್ತನ ಕೆಲಸ. ಚಾಲಕರು ಅರ್ಧ ಲೀಟರ್ ಹೆಚ್ಚು ಕೇಳಿದರೆ, "ಗಾಡಿಗೆ ಹಾಕ್ತೀಯೋ, ತಲೆಗೆ ಹಚ್ಕೊಳ್ತೀಯೋ?" ಎನ್ನುತ್ತಿದ್ದ. ತೊಟ್ಟು ತೊಟ್ಟಿಗೂ ಲೆಕ್ಕ ಕೇಳುವವನಿಗೆ ಅವರಿಟ್ಟ ಬಿರುದೇ ತೊಟ್ಟಪ್ಪ. ಮನೆಯಲ್ಲಿ ಹೆಂಡತಿ ಕೂಡ ಸಿಟ್ಟು ಬಂದಾಗ ಅದೇ ಬಿರುದಿನಿಂದ ಕರೆಯುತ್ತಿದ್ದಳು.

ಮೂರು ವ್ಯಾನುಗಳೂ ಒಂದೇ ತಾಯಿಯ ಮಕ್ಕಳಂತೆ ಲೀಟರಿಗೆ ಹನ್ನೊಂದು ಕಿಲೋಮೀಟರ್ ಓಡುತ್ತಿದ್ದವು. ಒಂದು ತಿಂಗಳು ಇದ್ದಕ್ಕಿದ್ದಂತೆ ಮೂರನೆಯದು ಕೆಟ್ಟ ಚಾಳಿ ಕಲಿಯಿತು. ಲೀಟರಿಗೆ ಹತ್ತೂವರೆಯನ್ನೂ ಮುಟ್ಟಲಿಲ್ಲ. ಪ್ರತಿ ಟ್ರಿಪ್ಪಿಗೆ ಒಂದು ಲೀಟರ್ ಮಾಯ. ಮೆಕ್ಯಾನಿಕ್ ಗಾಡಿಯ ಕೆಳಗೆ ತೆವಳಿ, "ಎಲ್ಲೂ ಸೋರ್ತಿಲ್ಲ" ಎಂದು ಪ್ರಮಾಣ ಮಾಡಿದ. ಗಾಡಿ ಸೋರದಿದ್ದರೆ ಮನುಷ್ಯ ಸೋರಿರಬೇಕು. ತೊಟ್ಟಪ್ಪ ಎರಡು ವಾರ ಮೂರೂ ಗಾಡಿಗಳನ್ನು ಹೋಲಿಸಿ, ಪುಸ್ತಕದ 'ಕಾರಣ' ಎಂಬ ಅಂಕಣದಲ್ಲಿ 'ಚಾಲಕ' ಎಂದು ದುಂಡಗೆ ಬರೆದ.

ಆ ಚಾಲಕನನ್ನು ಎಲ್ಲರೂ ಸಿಳ್ಳೆ ಎನ್ನುತ್ತಿದ್ದರು. ಗಾಡಿ ಹಿಂದಕ್ಕೆ ತೆಗೆಯುವಾಗಲೂ ಬಾಯಲ್ಲಿ ಒಂದು ಹಾಡಿರಲೇಬೇಕು. ಅವನು ಕೈಮುಗಿದು ನಿಂತ.

"ಅಣ್ಣ, ಇಷ್ಟು ವರ್ಷದಲ್ಲಿ ನಾನು ಸಿಳ್ಳೆ ಹೊಡ್ದಿದ್ದೀನಿ, ಡೀಸೆಲ್ ಹೊಡ್ದಿಲ್ಲ."

"ನಾನು ಹೇಳ್ತಿಲ್ಲಪ್ಪ. ಲೆಕ್ಕ ಹೇಳ್ತಿದೆ."

ಅದೇ ಸಂಜೆ ಸಿಳ್ಳೆಯ ಕೆಲಸ ಹೋಯಿತು. ಖಾಲಿಯಾದ ಸೀಟಿಗೆ ತೊಟ್ಟಪ್ಪನೇ ಮಾಲೀಕರ ಕೈಕಾಲು ಹಿಡಿದು ತನ್ನ ಅಳಿಯನನ್ನು ಕೂರಿಸಿದ. ಮಗಳು ಏಳು ತಿಂಗಳ ಬಸುರಿ. ಅಳಿಯ ನಾಲ್ಕು ತಿಂಗಳಿಂದ ಮನೆಯಲ್ಲೇ ಕೂತಿದ್ದ.

ಮೊದಲ ದಿನ ಒಂದು ಲೀಟರ್ ಮಾಯ. ಎರಡನೆಯ ದಿನವೂ ಒಂದು ಲೀಟರ್. ತಿಂಗಳು ಕಳೆದರೂ ಅದೇ ಒಂದು ಲೀಟರ್.

ತೊಟ್ಟಪ್ಪ ಊಟ ಬಿಟ್ಟ. ಅಂಕಿಗಳನ್ನು ಮೇಲಿನಿಂದ ಕೂಡಿದ, ಕೆಳಗಿನಿಂದ ಕೂಡಿದ. ಎಲ್ಲಿಂದ ಕೂಡಿದರೂ ಅಳಿಯನೇ ಕಳ್ಳ. ತಡೆಯಲಾರದೆ ಮಗಳ ಮನೆಗೆ ಹೋಗಿ ಕೇಳಿಯೇಬಿಟ್ಟ. ಅಳಿಯ ತಟ್ಟೆ ಸರಿಸಿ ಎದ್ದುಹೋದ. ಮಗಳು ಮಾತ್ರ ಕೂತೇ ಇದ್ದಳು.

"ಅಪ್ಪ, ಹೋಗು. ನಿನ್ನ ಪುಸ್ತಕಕ್ಕೇ ಬಾಣಂತನ ಮಾಡ್ಕೋ."

ಮಾಲೀಕರೂ ಬಿಡಲಿಲ್ಲ. "ಶನಿವಾರದೊಳಗೆ ಕಾರಣ ಬರಿ. ಅಳಿಯ ಅಂತ ಅಂಕಣ ಖಾಲಿ ಬಿಟ್ಯೋ, ಇಬ್ರೂ ಗೇಟಿನಾಚೆ."

ಶುಕ್ರವಾರ ತೊಟ್ಟಪ್ಪ ವ್ಯಾನಿನ ಮುಂದಿನ ಸೀಟಿಗೆ ತಾನೇ ಹತ್ತಿದ. ಟ್ಯಾಂಕಿನ ಮುಚ್ಚಳದ ಮೇಲೆ ಕಾಗದ ಅಂಟಿಸಿ ರುಜು ಹಾಕಿದ್ದ. ಬ್ರೆಡ್ಡಿನ ವಾಸನೆಯ ನಡುವೆ ಇಬ್ಬರೂ ಶವದ ಗಾಡಿಯಲ್ಲಿ ಕೂತವರಂತೆ ಹೊರಟರು. ಹೆದ್ದಾರಿ ಬಂತು. ಎಣಿಸುವ ಚಟದವನು ಸುಮ್ಮನಿರುವುದುಂಟೆ? ತೊಟ್ಟಪ್ಪ ಕಿಲೋಮೀಟರ್ ಕಲ್ಲು ಎಣಿಸತೊಡಗಿದ. ಇಪ್ಪತ್ತು ಕಿಲೋಮೀಟರ್ ಕಳೆಯಿತು. ಮೀಟರ್ ನೋಡಿದರೆ ಏರಿದ್ದು ಹತ್ತೊಂಬತ್ತು.

"ಈ ಕಲ್ಲು ನೆಟ್ಟೋನು ಕುಡಿದಿದ್ದ ಅನ್ಸುತ್ತೆ," ಎಂದ.

ಮತ್ತೆ ಇಪ್ಪತ್ತು ಕಲ್ಲು. ಮತ್ತೆ ಹತ್ತೊಂಬತ್ತು.

"ನಿಲ್ಸಿ ಅಳಿಯಂದ್ರೆ! ಗಾಡಿ ನಿಲ್ಸಿ!"

ಇಳಿದು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತ. ಟೈರಿನ ಮೇಲಿನ ಅಂಕಿಯನ್ನು ಬೆರಳಲ್ಲಿ ಉಜ್ಜಿ ಓದಿದ. ಗಾಡಿ ಚಾಳಿ ಕಲಿತ ತಿಂಗಳು ಆ ಟೈರುಗಳನ್ನು ತಂದು ಹಾಕಿಸಿದವನು ಅವನೇ. ಅಂಗಡಿಯವನು, "ಒಂದು ನಂಬರ್ ದೊಡ್ಡದು, ಹಳೇ ಸ್ಟಾಕು, ಅರ್ಧ ಬೆಲೆಗೆ ತಗೊಂಡು ಹೋಗಿ" ಎಂದಿದ್ದ. ಮಾಲೀಕರು ಬೆನ್ನು ತಟ್ಟಿದ್ದರು. ದೊಡ್ಡ ಚಕ್ರ ಅದೇ ದೂರವನ್ನು ಕಡಿಮೆ ಸುತ್ತಿನಲ್ಲಿ ದಾಟುತ್ತದೆ. ಮೀಟರ್ ಎಣಿಸುವುದು ಸುತ್ತನ್ನು. ಗಾಡಿ ಓಡಿದ್ದು ಇಪ್ಪತ್ತು, ಬರೆಸಿಕೊಂಡಿದ್ದು ಹತ್ತೊಂಬತ್ತು. ಡೀಸೆಲನ್ನು ಯಾರೂ ಕದ್ದಿರಲಿಲ್ಲ. ತೊಟ್ಟಪ್ಪ ಎಲ್ಲರನ್ನೂ ಅನುಮಾನಿಸಿದ್ದ, ತನ್ನ ಚೌಕಾಸಿಯೊಂದನ್ನು ಬಿಟ್ಟು.

ಅಳಿಯ ಬಗ್ಗಿ ನೋಡಿ, "ಅಂದ್ರೆ ನಾನು ಕಳ್ಳ ಅಲ್ಲ?" ಎಂದ.

"ಅಲ್ಲ."

ಸೀಟಿನ ಕಡೆ ಹೊರಟ ಅಳಿಯ ತಿರುಗಿ ಕೇಳಿದ. "ಮಾವ, ಹಾಗಾದ್ರೆ ಸಿಳ್ಳೆ?"

ತೊಟ್ಟಪ್ಪ ಟೈರಿಗೆ ಒರಗಿ ರಸ್ತೆಯ ಮಣ್ಣಿನಲ್ಲೇ ಕೂತುಬಿಟ್ಟ.

ಸಂಜೆ ಮಾಲೀಕರ ಮುಂದೆ ಪುಸ್ತಕ ತೆರೆದು, 'ಚಾಲಕ' ಎಂಬುದನ್ನು ಹೊಡೆದುಹಾಕಿ 'ಗುಮಾಸ್ತ' ಎಂದು ಬರೆದ. ಅಳಿಯನ ಕೆಲಸ ಉಳಿಯಿತು. ಟೈರಿನ ಬೆಲೆ ತೊಟ್ಟಪ್ಪನ ಸಂಬಳದಲ್ಲಿ ಕಡಿತ ಎಂದರು. ಅವನು ಯಾವತ್ತೂ ಮಾಡದ ಕೆಲಸ ಮಾಡಿದ. ಎಷ್ಟು ಎಂದು ಕೇಳದೆ ತಲೆಯಾಡಿಸಿದ.

"ಸಿಳ್ಳೇನ ವಾಪಸ್ ಕರೀಬೇಕು ಸಾರ್."

"ಕರ್ಕೊಂಡು ಬಾ. ಯಾರು ಬೇಡ ಅಂದ್ರು?"

ಅಳಿಯನ ಸ್ಕೂಟರಿನ ಹಿಂದೆ ಕೂತು ಸಿಳ್ಳೆಯ ಬೀದಿಗೆ ಹೋದ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಹೆಂಗಸು ಬಟ್ಟೆ ಹಿಂಡುತ್ತಿದ್ದಳು.

"ಯಾರು, ಡೀಸೆಲ್ ಕಳ್ಳನ್ನ ಕೇಳ್ತಿದ್ದೀರಾ? ಮೂರು ವಾರ ಆಯ್ತು, ಮಕ್ಕಳನ್ನ ಕಟ್ಕೊಂಡು ಹೋದ. ಇಲ್ಲಿ ಯಾರೂ ಗಾಡಿ ಕೊಡಲಿಲ್ಲವಂತೆ."

"ಅವನು ಕದ್ದಿಲ್ಲಮ್ಮ."

"ಅಯ್ಯೋ, ನಿಮಗೇನು ಗೊತ್ತು? ಲೆಕ್ಕ ಇಟ್ಟೋರೇ ಬರೆದುಕೊಟ್ರಂತೆ!"

"ಎಲ್ಲಿಗೆ ಹೋದ?"

ಆಕೆ ಹಿಂಡುತ್ತಿದ್ದ ಬಟ್ಟೆಯನ್ನು ಒಮ್ಮೆ ಉತ್ತರಕ್ಕೂ ಒಮ್ಮೆ ದಕ್ಷಿಣಕ್ಕೂ ಬೀಸಿ ತೋರಿಸಿದಳು.

ಬಂಕಿನ ಮುಂದೆ ಅಳಿಯ ಸ್ಕೂಟರ್ ನಿಲ್ಲಿಸಿದ. ಅವನು ಇನ್ನೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

"ಎಷ್ಟು ದೂರ ಹೋಗ್ಬೇಕು ಅಂತ ಅಂದಾಜು ಹೇಳಿ. ಅಷ್ಟಕ್ಕೆ ಹಾಕಿಸ್ತೀನಿ."

ತೊಟ್ಟಪ್ಪನ ಕೈ ಅಭ್ಯಾಸಬಲದಿಂದ ಕಿವಿಯ ಪೆನ್ಸಿಲಿಗೆ ಹೋಯಿತು. ಅಲ್ಲೇ ನಿಂತಿತು.

"ಟ್ಯಾಂಕ್ ತುಂಬಿಸಿ," ಎಂದ.