ಅರ್ಧ ಕೆಂಪು, ಅರ್ಧ ಬಿಳಿ

ಹುಟ್ಟಿದ ಐದನೆಯ ದಿನ ನನ್ನ ಮಗಳು ಎರಡು ಬಣ್ಣಕ್ಕೆ ತಿರುಗಿದಳು. ಎಣ್ಣೆ ಹಚ್ಚಿ ನೀರೆರೆದು ಎಡಮಗ್ಗುಲಿಗೆ ಮಲಗಿಸಿದ್ದೆವು. ಹಾಸಿಗೆಯ ಕಡೆಯ ಅರ್ಧ ಮೈ ಕೆಂಪಗೆ ಕೆಂಡವಾಗಿತ್ತು, ಮೇಲಿನ ಅರ್ಧ ಬಿಳಿಚಿಕೊಂಡಿತ್ತು. ಎದೆಯಿಂದ ಹೊಕ್ಕುಳವರೆಗೆ ನಡುವೆ ಗೆರೆ ಎಳೆದ ಹಾಗೆ.

ಕುರುಬರಹಳ್ಳಿಯ ಈ ತವರುಮನೆಯ ಇದೇ ಕೋಣೆಯಲ್ಲಿ ಮೂರು ವರ್ಷದ ಹಿಂದೆ ನನ್ನ ಮೊದಲ ಮಗ ಆರನೆಯ ದಿನಕ್ಕೆ ತೀರಿಕೊಂಡ. ಹಿಂದಿನ ಸಂಜೆ ಅವನ ಕೈಕಾಲು ನೀಲಿಯಾಗಿದ್ದವು. ಥಂಡಿ ಅಷ್ಟೇ ಎಂದು ಅಮ್ಮ ಇನ್ನೊಂದು ಬಟ್ಟೆ ಸುತ್ತಿ ಸಾಂಬ್ರಾಣಿ ಹೊಗೆ ಹಿಡಿದಿದ್ದಳು. ನಾನು ನಂಬಿದೆ. ಆ ಪುಟ್ಟ ಪಾದಗಳು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಕುಕ್ಕರ್ ಇಡುವಾಗ, ಬಸ್ಸಿನಲ್ಲಿ ಕೂತಾಗ, ಕಣ್ಣೆದುರು ಬಂದುಬಿಡುತ್ತವೆ.

ಈ ಸಲವೂ ಅಮ್ಮ ಬಟ್ಟೆ ತರಲು ಎದ್ದಳು. ನಾನು ಫೋನ್ ತೆಗೆದು ಫೋಟೋ ಹೊಡೆದೆ. ಹೆಸರಿಡುವ ಮುಂಚೆ ಮಗುವಿನ ಫೋಟೋ ತೆಗೆದರೆ ದೃಷ್ಟಿಯಾಗುತ್ತದೆ ಎಂಬುದು ನಮ್ಮ ಮನೆಯ ಕಟ್ಟಳೆ, ಬಾಣಂತಿ ಹೊಸಿಲು ದಾಟಬಾರದು ಎಂಬುದು ಇನ್ನೊಂದು. ಎರಡೂ ಹಾಳಾಗಿಹೋಗಲಿ ಎಂದು ಆಟೋ ಕರೆಸಿದೆ. ಅಮ್ಮ ಗೊಣಗುತ್ತಲೇ ಹತ್ತಿದಳು.

ಬಸವೇಶ್ವರನಗರದ ಕ್ಲಿನಿಕ್ ತಲುಪುವಷ್ಟರಲ್ಲಿ ಮಗು ಮಾಮೂಲಿ ಬಣ್ಣಕ್ಕೆ ಬಂದಿತ್ತು. ಡಾಕ್ಟರಮ್ಮ ಫೋಟೋ ನೋಡಿದರು, ಮಗುವಿನ ಎದೆಬಡಿತ ಕೇಳಿದರು, ಮೈಯೆಲ್ಲ ಪರೀಕ್ಷಿಸಿದರು. ಹುಟ್ಟಿದ ಹೊಸದರಲ್ಲಿ ಮಕ್ಕಳ ರಕ್ತನಾಳಗಳು ಇನ್ನೂ ಹದಕ್ಕೆ ಬಂದಿರುವುದಿಲ್ಲ, ಇದು ತಾನಾಗಿಯೇ ಹೋಗುತ್ತದೆ, ಹೆದರಬೇಡಿ ಎಂದರು. ಮೊದಲ ದಿನಗಳಲ್ಲಿ ಕೈಕಾಲು ನೀಲಿಯಾಗುವುದೂ ಎಷ್ಟೋ ಸಲ ಹೀಗೆಯೇ ಅಂತೆ.

ಸಮಾಧಾನವಾಗಬೇಕಿತ್ತು, ನನಗೆ ಸಿಟ್ಟು ಬಂತು. ಹಾಗಾದರೆ ನನ್ನ ಮಗ ಯಾಕೆ ಹೋದ ಎಂದು ಕೇಳಿಯೇಬಿಟ್ಟೆ.

"ಬರೀ ಕೈಕಾಲಾ? ತುಟಿ, ನಾಲಿಗೇನೂ ನೀಲಿ ಇತ್ತಾ?" ಎಂದರು ಅವರು. ತುಟಿ ನೀಲಿಯಾದರೆ ಒಂದು ನಿಮಿಷವೂ ಕಾಯಬಾರದಂತೆ.

ನೆನಪಿಸಿಕೊಳ್ಳಲು ನೋಡಿದೆ. ಪಾದಗಳು ಬಂದವು, ಮುಖ ಬರಲಿಲ್ಲ. ಅವನದೊಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ.

ವಾಪಸು ಬರುವಾಗ ಅಮ್ಮ ಆಟೋದಿಂದ ಹೊರಗೆ ನೋಡುತ್ತಾ ಹೇಳಿದಳು. "ತುಟೀನೂ ನೀಲಿ ಇತ್ತು ಕಣೇ. ಹಸಿ ಬಾಣಂತಿ, ಹೆದರ್ಕೊಂಡ್ರೆ ಹಾಲು ಬತ್ತೋಗುತ್ತೆ ಅಂತ ನಾನೇ ಮುಖ ಮುಚ್ಚಿ ಹೊದಿಸ್ಬಿಟ್ಟೆ."

ಮನೆ ಮುಂದೆ ಅವಳು ಮೊದಲು ಇಳಿದು ಮಗುವಿಗಾಗಿ ಕೈ ಚಾಚಿದಳು. ನಾನು ಕೊಡಲಿಲ್ಲ.