ಲಾ ಕಾಲೇಜಿನ ಪುಸ್ತಕ ಹೊಲಿಯುವ ಸರ್ವರಬಿ

ಬೆಳಿಗ್ಗೆ ಆರೂಕಾಲು. ಬಳ್ಳಾರಿ ಗುಡ್ಡದ ನೆತ್ತಿಗೆ ಬಿಸಿಲು ಬಿದ್ದಿದೆ, ಕೆಳಗಿನ ಊರಿಗೆ ಇನ್ನೂ ಇಳಿದಿಲ್ಲ. ಹಗರಿ ಕಾನೂನು ಮಹಾವಿದ್ಯಾಲಯದ ಗ್ರಂಥಾಲಯದ ಹಿಂದಿನ ಜಗಲಿಯಲ್ಲಿ ಸರ್ವರಬಿ ಸಣ್ಣ ಸ್ಟೌವಿನ ಮೇಲೆ ಅಂಟು ಕುದಿಸುತ್ತಿದ್ದಾರೆ. ಮೈದಾ ಹಿಟ್ಟು, ನೀರು, ಹುಳು ಹತ್ತದಿರಲಿ ಎಂದು ಒಂದು ಚಿಟಿಕೆ ಮೈಲುತುತ್ತ. ಕೈಯಾಡಿಸುತ್ತಲೇ ಪಕ್ಕದಲ್ಲಿ ಬಿಡಿಸಿಟ್ಟ ಪುಸ್ತಕದ ಕಡೆ ಕಣ್ಣು ಹಾಯಿಸುತ್ತಾರೆ. ಹೈಕೋರ್ಟಿನ ಹಳೆಯ ತೀರ್ಪುಗಳ ಸಂಪುಟವದು. ರಟ್ಟು ಕಳಚಿದೆ, ಬೆನ್ನು ಮುರಿದಿದೆ, ಹಾಳೆಗಳು ಮಾತ್ರ ಗಟ್ಟಿಯಾಗಿವೆ.

"ಒಂಬತ್ತು ದಾಟಿತಂದ್ರ ಈ ಊರಾಗ ಅಂಟು ಹಚ್ಚಾಕ ಆಗಂಗಿಲ್ರಿ. ಕುಂಚದಾಗ ಒಣಗಿಬಿಡತೈತಿ," ಎನ್ನುತ್ತಾರೆ. "ಅದಕ ಬಿಸಿಲು ಏರೋದ್ರೊಳಗ ಬರ್ತೀನಿ. ವಾಚ್‌ಮನ್ ಅಣ್ಣಾರು ಬೈಕೋತ ಗೇಟ್ ತೆಗೀತಾರ."

ಐವತ್ತೆಂಟು ವರ್ಷದ ಸರ್ವರಬಿ ಈ ಕಾಲೇಜಿಗೆ ಬಂದು ಮೂವತ್ತೊಂದು ವರ್ಷವಾಯಿತು. ಹಾಜರಿ ಪುಸ್ತಕದಲ್ಲಿ ಅವರ ಹುದ್ದೆ ‘ಸಹಾಯಕಿ, ತಾತ್ಕಾಲಿಕ’. ವಿದ್ಯಾರ್ಥಿಗಳ ಬಾಯಲ್ಲಿ ಸರ್ವರಮ್ಮ. ಓದಿದ್ದು ಕನ್ನಡ ಸಾಲಿಯಲ್ಲಿ ಆರನೆಯ ಇಯತ್ತೆವರೆಗೆ. ಆದರೆ ಇಪ್ಪತ್ತಮೂರು ಸಾವಿರ ಪುಸ್ತಕಗಳ ಈ ಗ್ರಂಥಾಲಯದಲ್ಲಿ ಎಪ್ಪತ್ತಮೂರರ ಸುಪ್ರೀಂ ಕೋರ್ಟ್ ತೀರ್ಪುಗಳು ಬೇಕೆಂದರೆ ಕಂಪ್ಯೂಟರ್ ಹೇಳುವ ಮೊದಲೇ ಇವರ ಕೈ ಆ ಕಪಾಟಿನಲ್ಲಿರುತ್ತದೆ. ಇಂಗ್ಲಿಷ್ ಅಕ್ಷರ ಕಲಿತದ್ದು ಪುಸ್ತಕಗಳ ಬೆನ್ನ ಮೇಲಿನ ಅಚ್ಚಿನಿಂದ. ಕಲಿಸಿದವರು ಆಗಿನ ಗ್ರಂಥಪಾಲಕ ಗುರುರಾಜ ಆಚಾರ್.

"ಮೊದಲ ತಿಂಗಳು ಒಂದು ಸಂಪುಟ ತಲೆಕೆಳಗ ಮಾಡಿ ಹೊಲಿದುಬಿಟ್ಟಿದ್ದೆ," ಎಂದು ಸರ್ವರಬಿ ನಗುತ್ತಾರೆ. "ಆಚಾರ್ ಸಾರು ಬೈಲಿಲ್ಲ. ಸಂಜಿಮುಂದ ಒಂದು ಸ್ಲೇಟು ತಂದು ಕೊಟ್ರು."

ದಿನಕ್ಕೆ ಮೂರು ಪುಸ್ತಕ, ಬೇಸಿಗೆಯಲ್ಲಿ ಎರಡು. ಹಳೆಯ ದಾರ ಬಿಚ್ಚಬೇಕು, ಹರಿದ ಹಾಳೆಗೆ ತೆಳು ಕಾಗದ ಅಂಟಿಸಬೇಕು, ದಬ್ಬಣದಿಂದ ತೂತು ಹಾಕಿ ಮೇಣ ಹಚ್ಚಿದ ದಾರದಿಂದ ಹೊಲಿಯಬೇಕು, ಒತ್ತಿಟ್ಟು ಒಣಗಿಸಬೇಕು. ಇದೆಲ್ಲ ಹತ್ತು ಗಂಟೆಯೊಳಗೆ. ಆಮೇಲೆ ಸಂಜೆವರೆಗೂ ಕಪಾಟುಗಳ ನಡುವೆ ಓಡಾಟ. ಹಾಳೆಯ ಮೂಲೆ ಮಡಚಿದ ವಿದ್ಯಾರ್ಥಿ ಕಣ್ಣಿಗೆ ಬಿದ್ದರೆ ಅವನ ಕಥೆ ಮುಗಿಯಿತು. ಈಗ ಜಿಲ್ಲಾ ನ್ಯಾಯಾಲಯದಲ್ಲಿ ಹೆಸರು ಮಾಡಿರುವ ವಕೀಲರೊಬ್ಬರು ತಾವು ಕಾಲೇಜಿನಲ್ಲಿ ಹೆದರುತ್ತಿದ್ದುದು ಪ್ರಿನ್ಸಿಪಾಲರಿಗಲ್ಲ, ಸರ್ವರಮ್ಮನಿಗೆ ಎಂದು ಒಪ್ಪಿಕೊಳ್ಳುತ್ತಾರೆ.

ಈ ಕಾಲೇಜಿನ ಹುಟ್ಟು ಕಂಡವರು ಈಗ ಕೆಲವರೇ ಉಳಿದಿದ್ದಾರೆ. ಅವರಲ್ಲಿ ಒಬ್ಬರು ಕುರುಗೋಡಿನ ವಕೀಲ ದೊಡ್ಡಬಸಪ್ಪ. ವಯಸ್ಸು ಎಪ್ಪತ್ತೇಳು. ೧೯೭೫ರಲ್ಲಿ ಬಳ್ಳಾರಿಯ ಕೆಲವು ವಕೀಲರು ಸೇರಿ ಬ್ರೂಸ್‌ಪೇಟೆ ಹತ್ತಿರದ ಒಂದು ಶಾಲೆಯ ನಾಲ್ಕು ಕೋಣೆಗಳಲ್ಲಿ ಸಂಜೆ ಕಾಲೇಜು ಶುರು ಮಾಡಿದಾಗ ದೊಡ್ಡಬಸಪ್ಪ ಕುರುಗೋಡಿನಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ನಾಲ್ಕು ಗಂಟೆಯ ಬೆಲ್ಲು ಹೊಡೆಯುತ್ತಲೇ ಬಸ್ಸು ಹಿಡಿದು ಬರುತ್ತಿದ್ದರು.

"ಹಗಲೆಲ್ಲ ನಾ ಹುಡುಗರಿಗೆ ಪಾಠ ಮಾಡಾಂವ, ಸಂಜಿಗೆ ನಾನ ಹುಡುಗ," ಎನ್ನುತ್ತಾರೆ ಅವರು. "ಬೆಂಚು ಮೂರನೇ ಇಯತ್ತೆ ಹುಡುಗರವು, ಮೊಣಕಾಲು ಒಳಗ ಹೋಗ್ತಿರಲಿಲ್ಲ. ನಲವತ್ತೆರಡು ಮಂದಿ ಇದ್ವಿ. ಗುಮಾಸ್ತರು, ಮೇಷ್ಟ್ರುಗಳು, ಇಬ್ಬರು ಪೊಲೀಸರು. ಪುಸ್ತಕ ಅಂಬೋದು ಒಂದೂ ಇರಲಿಲ್ಲ. ಪಾಠ ಮಾಡೋ ವಕೀಲರು ತಮ್ಮ ಮನಿಯಿಂದ ಕಂಕುಳಾಗ ಇಟಗೊಂಡು ಬರೋರು, ಪಾಠ ಮುಗದ ಮ್ಯಾಲೆ ವಾಪಸ್ ಒಯ್ಯೋರು."

ಹೀಗೆ ಬಂದು ಹೋಗುತ್ತಿದ್ದ ಪುಸ್ತಕಗಳೇ ಒಂದೊಂದಾಗಿ ಕಾಲೇಜಿನಲ್ಲಿ ಉಳಿದವು. ವೃತ್ತಿಯಿಂದ ನಿವೃತ್ತರಾದವರು ತಮ್ಮ ಸಂಗ್ರಹ ಕೊಟ್ಟರು, ತೀರಿಕೊಂಡವರ ಮನೆಯವರು ಕಪಾಟು ಸಮೇತ ಕಳಿಸಿದರು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದ ತೀರ್ಪುಗಳ ಸಂಪುಟಗಳು ಬಂದದ್ದು ಹಾಗೆಯೇ. ಅಂಚಿನಲ್ಲಿ ಕೆಲವೆಡೆ ತೆಲುಗಿನಲ್ಲಿ, ಕೆಲವೆಡೆ ಕನ್ನಡದಲ್ಲಿ ಪೆನ್ಸಿಲ್ ಟಿಪ್ಪಣಿಗಳಿವೆ. ಮುಂದೆ ಹಗಲಿನ ತರಗತಿಗಳು ಶುರುವಾದವು, ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಕೋರ್ಸ್ ಬಂತು. ೨೦೧೨ರಲ್ಲಿ ವಿಶ್ವವಿದ್ಯಾಲಯ ಕಾಲೇಜನ್ನು ತನ್ನ ಸುಪರ್ದಿಗೆ ತೆಗೆದುಕೊಂಡು ಊರ ಹೊರಗೆ ಮೂರಂತಸ್ತಿನ ಕಟ್ಟಡ ಕೊಟ್ಟಿತು. ಅಣಕು ನ್ಯಾಯಾಲಯದ ಸಭಾಂಗಣ ಬಂತು, ಹುಡುಗಿಯರ ಹಾಸ್ಟೆಲ್ ಬಂತು. ನಲವತ್ತೆರಡರಿಂದ ಶುರುವಾದ ವಿದ್ಯಾರ್ಥಿಗಳ ಸಂಖ್ಯೆ ಇಂದು ಆರುನೂರ ಎಂಬತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು.

ಸರ್ವರಬಿ ಈ ಕಥೆಯೊಳಗೆ ಬಂದದ್ದು ತಂದೆಯ ಮೂಲಕ. ಬ್ರೂಸ್‌ಪೇಟೆಯ ಓಣಿಯೊಂದರಲ್ಲಿ ಬೈಂಡಿಂಗ್ ಅಂಗಡಿ ಇಟ್ಟಿದ್ದ ಗೌಸಸಾಬ್ ಕಾಲೇಜಿನ ಪುಸ್ತಕ, ರಿಜಿಸ್ಟರುಗಳನ್ನೆಲ್ಲ ಹೊಲಿದುಕೊಡುತ್ತಿದ್ದರು. ಕಣ್ಣಿನ ಪೊರೆಯಿಂದ ಅವರಿಗೆ ಸೂಜಿಯ ಕಣ್ಣು ಕಾಣದಾದಾಗ ಮನೆಯಲ್ಲೇ ಕೆಲಸ ಕಲಿತಿದ್ದ ಮಗಳನ್ನು ಕಳಿಸಿದರು. ಅದು ೧೯೯೪. ಮದುವೆಯಾಗಿ ಇಬ್ಬರು ಮಕ್ಕಳಿದ್ದ ಹೆಣ್ಣುಮಗಳು ಗಂಡು ವಕೀಲರ ನಡುವೆ ಹೋಗಿ ಕೂತು ಕೆಲಸ ಮಾಡುವುದಕ್ಕೆ ನೆಂಟರಲ್ಲಿ ಕೆಲವರು ಮುಖ ಸಿಂಡರಿಸಿದರು. ಕೌಲ್ ಬಜಾರಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಗಂಡ ರಫೀಕ್ ಮಾತ್ರ, "ಪುಸ್ತಕದ ನಡುವ ಕುಂತಾಳ, ಮತ್ತೆಲ್ಲೂ ಅಲ್ಲಲ್ಲ" ಎಂದು ಅವರ ಬಾಯಿ ಮುಚ್ಚಿಸಿದರಂತೆ.

ಸರ್ವರಬಿಯ ಬಗ್ಗೆ ಬರೆಯಬೇಕೆನಿಸಿದ್ದು ೨೦೧೨ರ ಒಂದು ದಿನದ ಸಂಗತಿ ಕೇಳಿದ ಮೇಲೆ. ಕಾಲೇಜು ಹೊಸ ಕಟ್ಟಡಕ್ಕೆ ಹೊರಟಿತ್ತು. ಬೇಕಾದದ್ದು ಒಂದು ಲಾರಿಗೆ, ಬೇಡವಾದದ್ದು ಗುಜರಿ ಲಾರಿಗೆ. ಗ್ರಂಥಾಲಯದ ಪುಸ್ತಕ ಕಟ್ಟುತ್ತಿದ್ದ ಸರ್ವರಬಿ ನೀರು ಕುಡಿಯಲೆಂದು ಕಚೇರಿಯ ವರಾಂಡಕ್ಕೆ ಬಂದರು. ಅಲ್ಲಿ ಗೋಣಿಚೀಲಗಳ ಸಾಲು. ಒಂದು ಚೀಲದ ಬಾಯಿಂದ ಉದ್ದನೆಯ ರಿಜಿಸ್ಟರೊಂದು ಹೊರಚಾಚಿತ್ತು. ಅದರ ಬೆನ್ನಿನ ತುದಿಯಲ್ಲಿ ಕೆಂಪು ದಾರದ ಅಡ್ಡ ಹೊಲಿಗೆ.

"ಹಂಗ ಹೊಲಿಯೋರು ನಮ್ಮ ಅಬ್ಬಾ ಒಬ್ಬರ," ಎನ್ನುತ್ತಾರೆ. "ಚೀಲ ಬಿಚ್ಚಿ ನೋಡಿದೆ. ಎಲ್ಲಾ ಅಡ್ಮಿಶನ್ ರಿಜಿಸ್ಟರುಗಳು. ಎಪ್ಪತ್ತೈದರಿಂದ ಇದ್ವು. ಮಂದಿ ಹೆಸರು, ಸಹಿ, ಅಪ್ಪನ ಹೆಸರು, ಊರು. ಗುಜರಿಗೆ ಹೊಂಟಾವು."

ಹೊಸ ಕಚೇರಿಯಲ್ಲಿ ಜಾಗವಿಲ್ಲ, ಹತ್ತು ವರ್ಷಕ್ಕಿಂತ ಹಳೆಯದು ಬೇಡ ಎಂದು ಆಗಿನ ಕಚೇರಿ ಮೇಲ್ವಿಚಾರಕರು ತೀರ್ಮಾನಿಸಿದ್ದರು. ಸರ್ವರಬಿ ಹೋಗಿ ಕೇಳಿದರು. ‘ನಿನ್ನ ಕೆಲಸ ನೀನು ನೋಡಿಕೋ’ ಎಂಬ ಉತ್ತರ ಬಂತು. ಗುರುರಾಜ ಆಚಾರ್ ಅವರಿಗೆ ಸುದ್ದಿ ಮುಟ್ಟಿಸಿದರು. ಮೇಲಿನವರ ಅನುಮತಿ ತರುತ್ತೇನೆಂದು ಆಚಾರ್ ಸ್ಕೂಟರ್ ಹತ್ತಿ ವಿಶ್ವವಿದ್ಯಾಲಯಕ್ಕೆ ಹೊರಟರು. ಅಷ್ಟರಲ್ಲಿ ಗುಜರಿ ಲಾರಿ ಬಂದೇಬಿಟ್ಟಿತು.

ಹಮಾಲರು ಚೀಲಕ್ಕೆ ಕೈ ಹಾಕುವ ಹೊತ್ತಿಗೆ ಸರ್ವರಬಿ ಅದರ ಮೇಲೆ ಕೂತಿದ್ದರು. ಏಳು ಎಂದರೆ ಏಳಲಿಲ್ಲ. ಮೇಲ್ವಿಚಾರಕರು ಕೂಗಾಡಿದರು, ಮೇಷ್ಟ್ರುಗಳು ಬಂದು ನಿಂತು ನೋಡಿದರು. ಹನ್ನೊಂದೂವರೆಯಿಂದ ಮಧ್ಯಾಹ್ನ ಎರಡೂವರೆವರೆಗೆ ಅವರು ಅಲ್ಲಿಂದ ಅಲ್ಲಾಡಲಿಲ್ಲ.

ಭಯವಾಗಲಿಲ್ಲವೇ ಎಂದು ಕೇಳುತ್ತೇನೆ.

"ಆಗಲಿಲ್ಲ ಅಂತ ಹ್ಯಾಂಗ ಅನ್ಲಿ? ಕಾಲು ನಡುಗತಿದ್ವು. ಅದಕ ಎದ್ದು ನಿಂದ್ರಲಿಲ್ಲ, ಕುಂತಬಿಟ್ಟೆ."

ಆಚಾರ್ ಅನುಮತಿ ಪತ್ರ ಹಿಡಿದು ಬಂದರು. ಇಪ್ಪತ್ತೇಳು ರಿಜಿಸ್ಟರು ಗ್ರಂಥಾಲಯದ ಲಾರಿ ಹತ್ತಿದವು. ಆದರೆ ಮರುದಿನ ಬೆಳಿಗ್ಗೆ ಸರ್ವರಬಿ ಕೆಲಸಕ್ಕೆ ಹೋದಾಗ ಮೇಲ್ವಿಚಾರಕರು ನಾಳೆಯಿಂದ ಬರಬೇಡ ಎಂದರು. ದಿನಗೂಲಿಯವರನ್ನು ತೆಗೆಯಲು ಆದೇಶದ ಕಾಗದವೂ ಬೇಕಿರಲಿಲ್ಲ. ನಾಲ್ಕು ತಿಂಗಳು ಮನೆಯಲ್ಲಿದ್ದು ಕೂಲಿಗೆ ಊದಿನಕಡ್ಡಿ ಹೊಸೆದರು. ಕಾಲೇಜಿನ ತಪಾಸಣೆಗೆ ತಂಡ ಬರುವ ದಿನ ಹತ್ತಿರವಾದಾಗ ಮುರಿದು ಬಿದ್ದ ಸಂಪುಟಗಳನ್ನು ಹೊಲಿಯುವವರು ಯಾರೂ ಸಿಗದೆ ಮತ್ತೆ ಕರೆ ಬಂತು. ಸರ್ವರಬಿ ಏನೂ ಕೇಳದೆ ಹೋದರು.

"ಅವರೂ ಕೆಟ್ಟವರಲ್ಲ ಬಿಡ್ರಿ," ಎನ್ನುತ್ತಾರೆ ಆ ಮೇಲ್ವಿಚಾರಕರ ಬಗ್ಗೆ. "ಜಾಗ ಖರೇನ ಇರಲಿಲ್ಲ."

ಉಳಿಸಿಕೊಂಡ ರಿಜಿಸ್ಟರುಗಳನ್ನು ಯಾರೂ ಕೇಳಲಿಲ್ಲ. ಏಳು ವರ್ಷ ಅವು ಹಳೆಯ ಪತ್ರಿಕೆಗಳ ಹಿಂದಿನ ಕಪಾಟಿನಲ್ಲಿದ್ದವು. ಬಿಡುವಾದಾಗ ಸರ್ವರಬಿ ಒಂದೊಂದನ್ನೇ ತೆಗೆದು ಗೆದ್ದಲು ಕೊರೆದ ಅಂಚಿಗೆ ಕಾಗದ ಹಚ್ಚಿ ಹೊಸ ರಟ್ಟು ಕಟ್ಟಿದರು. ಇದಕ್ಕೂ ಯಾರ ಆದೇಶವಿರಲಿಲ್ಲ.

೨೦೧೯ರ ಜೂನ್ ತಿಂಗಳಲ್ಲಿ ರೇಣುಕಾ ಬಂದರು. ಸಿರುಗುಪ್ಪ ತಾಲ್ಲೂಕಿನ ದೇಶನೂರಿನವರು. ೧೯೯೭ರಲ್ಲಿ ಇದೇ ಕಾಲೇಜಿನಲ್ಲಿ ಕಾನೂನು ಪದವಿ ಮುಗಿಸಿದ್ದರು. ಆ ವರ್ಷವೇ ತೆಕ್ಕಲಕೋಟೆಗೆ ಮದುವೆಯಾಗಿ ಹೋದದ್ದರಿಂದ ವಕೀಲರಾಗಿ ನೋಂದಾಯಿಸಿಕೊಳ್ಳುವುದು ಹಾಗೇ ಉಳಿಯಿತು. ಅಂಕಪಟ್ಟಿಗಳನ್ನೆಲ್ಲ ತವರಿನ ಟ್ರಂಕಿನಲ್ಲಿಟ್ಟಿದ್ದರು. ೨೦೦೯ರ ನೆರೆಯಲ್ಲಿ ಟ್ರಂಕಿಗೆ ನೀರು ನುಗ್ಗಿ ಕಾಗದಗಳೆಲ್ಲ ಮುದ್ದೆಯಾದವು. ಮಕ್ಕಳು ದೊಡ್ಡವರಾದ ಮೇಲೆ, ನಲವತ್ತೇಳನೆಯ ವಯಸ್ಸಿನಲ್ಲಿ, ಕರಿಕೋಟು ಹಾಕಲೇಬೇಕೆಂದು ಹಟ ಹಿಡಿದರು. ನಕಲು ಅಂಕಪಟ್ಟಿ ಬೇಕೆಂದರೆ ಪ್ರವೇಶದ ವಿವರವನ್ನು ಕಾಲೇಜು ದೃಢೀಕರಿಸಬೇಕು. ಕಾಲೇಜಿನ ಕಚೇರಿಯವರು ಹಳೆಯ ದಾಖಲೆ ಇಲ್ಲವೆಂದು ಎರಡು ಬಾರಿ ವಾಪಸು ಕಳಿಸಿದ್ದರು. ಮೂರನೆಯ ಬಾರಿಯೂ ಅದೇ ಉತ್ತರ.

"ನೀರು ಕುಡಿದು ಬಸ್ ಸ್ಟ್ಯಾಂಡಿಗೆ ಹೋದ್ರಾತು ಅಂತ ಲೈಬ್ರರಿ ಕಡಿ ಬಂದೆ," ಎಂದು ರೇಣುಕಾ ನೆನೆಯುತ್ತಾರೆ. "ಈ ಅಮ್ಮ ನನ್ನ ಮಾರಿ ನೋಡಿ, ಯಾಕವ್ವಾ, ಏನಾಗೇತಿ ಅಂದ್ರು. ಹೇಳಿದೆ. ಯಾವ ವರ್ಷ ಸೇರಿದ್ದಿ ಅಂದ್ರು. ತೊಂಬತ್ನಾಲ್ಕು ಅಂದೆ. ಕುಂದ್ರು, ನಾ ಇಲ್ಲಿ ಮೊದಲು ಹೊಲಿದ ರಿಜಿಸ್ಟರ್ ಅದು ಅಂತ ಒಳಗ ಹೋದ್ರು."

ಎಪ್ಪತ್ತೊಂದನೆಯ ಪುಟ. ಹೆಸರು, ಊರು, ಹುಟ್ಟಿದ ದಿನ, ನೋಂದಣಿ ಸಂಖ್ಯೆ. ಇಪ್ಪತ್ತೆರಡರ ವಯಸ್ಸಿನ ರೇಣುಕಾರ ದುಂಡನೆಯ ಸಹಿ. ಅದರ ಪಕ್ಕ, ಪೋಷಕರ ಸಹಿ ಎಂಬ ಕಡೆ, ನೀಲಿ ಶಾಯಿಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು.

"ನಮ್ಮಪ್ಪಂದು," ಎನ್ನುತ್ತಾರೆ ರೇಣುಕಾ. "ಅಪ್ಪ ಹೋಗಿ ಹದಿನೈದು ವರ್ಷ ಆಗಿತ್ರಿ. ಇದ್ದ ಒಂದ ಫೋಟೋ ಸೈತ ನೆರಿಯಾಗ ಹೋಗಿತ್ತು. ನಾ ನಂಬರ್ ನೋಡೋದು ಬಿಟ್ಟು ಆ ಹೆಬ್ಬೆಟ್ಟಿನ ಮ್ಯಾಲೆ ಕೈ ಇಟ್ಟು ಕುಂತಬಿಟ್ಟೆ."

ಸರ್ವರಬಿ ಆಗ ಒಂದು ಲೋಟ ಚಹಾ ತಂದಿಟ್ಟು, ಕಚೇರಿಗೆ ಹೋಗಿ ಆ ಪುಟದ ನಕಲಿಗೆ ಪ್ರಿನ್ಸಿಪಾಲರ ಸಹಿ, ಮೊಹರು ಹಾಕಿಸಿಕೊಂಡು ಬಂದರು. ಮರು ವರ್ಷ ರೇಣುಕಾ ನೋಂದಾಯಿತ ವಕೀಲರಾದರು. ಈಗ ಸಿರುಗುಪ್ಪ ನ್ಯಾಯಾಲಯದಲ್ಲಿ ಹೆಣ್ಣುಮಕ್ಕಳ ಆಸ್ತಿಯ ಪಾಲು, ಜೀವನಾಂಶದ ಪ್ರಕರಣಗಳನ್ನು ಹೆಚ್ಚಾಗಿ ನಡೆಸುತ್ತಾರೆ.

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಇದುವರೆಗೆ ನೂರ ಹನ್ನೆರಡು ಮಂದಿ ಹಳೆಯ ವಿದ್ಯಾರ್ಥಿಗಳು ಆ ರಿಜಿಸ್ಟರುಗಳಿಂದ ತಮ್ಮ ದಾಖಲೆ ಪಡೆದಿದ್ದಾರೆ. ಹಳೆಯ ವಿವರ ಕೇಳಿ ಬಂದವರಿಗೆ ಕಚೇರಿಯವರೇ ಈಗ, "ಸರ್ವರಮ್ಮನ ಹತ್ರ ಹೋಗ್ರಿ" ಎನ್ನುತ್ತಾರೆ. ಎರಡು ವರ್ಷದ ಹಿಂದೆ ಸ್ಕ್ಯಾನ್ ಮಾಡಲು ಬಂದವರು ಬೆನ್ನು ಕತ್ತರಿಸಿದರೆ ಬೇಗ ಮುಗಿಯುತ್ತದೆ ಎಂದಾಗ ಸರ್ವರಬಿ ಒಪ್ಪಲಿಲ್ಲ. ಪ್ರತಿ ರಿಜಿಸ್ಟರಿನ ದಾರವನ್ನು ತಾವೇ ಬಿಚ್ಚಿಕೊಟ್ಟು, ಸ್ಕ್ಯಾನ್ ಮುಗಿದ ಮೇಲೆ ಅದೇ ತೂತುಗಳಲ್ಲಿ ಮತ್ತೆ ಹೊಲಿದರು. ವಾರದ ಕೆಲಸಕ್ಕೆ ಮೂರು ತಿಂಗಳು ಹಿಡಿಯಿತು. ಬಂದವರಿಗೆ ಕೋಪ ಬಂತು. ಒಂದು ಪುಟವೂ ಕಳೆಯಲಿಲ್ಲ.

ಅವರಿನ್ನೂ ತಾತ್ಕಾಲಿಕವೇ. ಖಾಯಂ ಮಾಡಬೇಕೆಂಬ ಅರ್ಜಿ ನಾಲ್ಕು ಸಲ ಹೋಗಿದೆ. ಕಾನೂನು ಕಲಿಸುವ ಕಾಲೇಜಿನಲ್ಲೇ ಹೀಗೆ ಎಂದು ಗುರುರಾಜ ಆಚಾರ್ ನೊಂದುಕೊಳ್ಳುತ್ತಾರೆ. ನಿವೃತ್ತರಾಗಿ ಹನ್ನೆರಡು ವರ್ಷ ಕಳೆದರೂ ಅವರು ವಾರಕ್ಕೆರಡು ದಿನ ಗ್ರಂಥಾಲಯಕ್ಕೆ ಬರುತ್ತಾರೆ. ಕಾಲೇಜಿಗೆ ಐವತ್ತು ತುಂಬಿದ್ದರಿಂದ ಅದರ ಇತಿಹಾಸ ಬರೆಯುವ ಹೊಣೆ ಅವರ ಮೇಲೆ ಬಿದ್ದಿದೆ. ಬರವಣಿಗೆ ಹೆಚ್ಚುಕಡಿಮೆ ಮುಗಿದಿದೆ. ಅದರಲ್ಲಿ ಸರ್ವರಬಿಯ ಭಾವಚಿತ್ರದೊಂದಿಗೆ ಒಂದು ಪುಟ ಮೀಸಲಿಡಬೇಕೆಂಬುದು ಆಚಾರ್ ಆಸೆ. ನಾನು ಅಲ್ಲಿದ್ದಾಗಲೇ ಆ ಮಾತು ಬಂತು.

"ಫೋಟೋ ಬ್ಯಾಡ್ರಿ ಸಾರ್," ಎಂದರು ಸರ್ವರಬಿ, ಕೈಯಲ್ಲಿದ್ದ ಹಾಳೆಗಳ ಅಂಚು ಸರಿಮಾಡುತ್ತ.

"ಮತ್ತ ಏನು ಬೇಕು ಹೇಳ್ರಿ ಸರ್ವರಮ್ಮ. ಐವತ್ತು ವರ್ಷದಾಗ ಮೂವತ್ತೊಂದು ನಿಮ್ಮವು ಅದಾವು."

ಸರ್ವರಬಿ ಕೇಳಲೋ ಬೇಡವೋ ಎಂಬಂತೆ ಆಚಾರ್ ಮುಖ ನೋಡಿದರು.

"ಪ್ರೆಸ್ಸಿನವರು ಪಿನ್ನು ಹೊಡದು ಕೊಡತಾರ, ನಾಲ್ಕು ಮಳಿಗಾಲಕ್ಕ ತುಕ್ಕು ಹಿಡೀತಾವು. ಹಾಳಿ ಹಂಗ ಬಿಡಿಬಿಡಿಯಾಗಿ ಕಳಸಾಕ ಹೇಳ್ರಿ. ಲೈಬ್ರರಿಯಾಗ ಇಡೋ ಕಾಪಿ ನಾ ಹೊಲಿದು ಕೊಡ್ತೀನಿ. ಮುಂದಿನ ಐವತ್ತು ವರ್ಷದವರು ತೆಗದು ನೋಡಬೇಕಲ್ರಿ, ಒಂದು ಹಾಳಿನೂ ಉದುರಬಾರದು."