ಪೆನ್ನಿಯ ಮೇಲಿನ ಜೋಡಿ ಅಕ್ಷರ

ನಾನು ರಿಫೈನರಿಯಲ್ಲಿ ಪೈಪುಗಳ ಬೆಸುಗೆ ಪರೀಕ್ಷಿಸುವ ಇಂಜಿನಿಯರ್. ದಿನವಿಡೀ ಬಿರುಕು ಹುಡುಕಿದ ಕಣ್ಣು ಕುವೈತಿನ ಮಂಗಫ್‌ನಲ್ಲಿರುವ ಮನೆಗೆ ಬಂದ ಮೇಲೂ ಸುಮ್ಮನಿರುವುದಿಲ್ಲ. ಹಳೆಯ ಅಮೆರಿಕನ್ ಪೆನ್ನಿ ನಾಣ್ಯಗಳನ್ನು ಭೂತಗನ್ನಡಿಯ ಕೆಳಗಿಟ್ಟುಕೊಂಡು ಕೂರುತ್ತೇನೆ. ಟಂಕಸಾಲೆಯಲ್ಲಿ ಅಪರೂಪಕ್ಕೊಮ್ಮೆ ಅಚ್ಚು ತಯಾರಿಸುವಾಗಲೇ ಅಕ್ಷರಗಳು ಎರಡು ಸಲ, ತುಸು ಜರುಗಿ ಮೂಡಿಬಿಡುತ್ತವೆ. ಅಂಥ ಅಚ್ಚಿನಿಂದ ಬಂದ ನಾಣ್ಯಕ್ಕೆ ಸಂಗ್ರಾಹಕರು ಪ್ರಾಣ ಬಿಡುತ್ತಾರೆ. ಅಚ್ಚು ಸರಿಯಿದ್ದು, ನಾಣ್ಯ ಹೊಡೆಯುವ ಗಳಿಗೆಯಲ್ಲಿ ಯಂತ್ರ ಅಲುಗಿದರೂ ಅಕ್ಷರ ಎರಡಾಗಿ ಕಾಣುತ್ತದೆ. ಅದಕ್ಕೆ ಬೆಲೆಯಿಲ್ಲ.

ಈ ಹುಚ್ಚಿನಲ್ಲಿ ನನಗೆ ಜೊತೆಯಾದವರು ಶುವೈಖ್‌ನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟಿರುವ, ಮಂಗಳೂರು ಕಡೆಯ ಒಬ್ಬ ಬ್ಯಾರಿ ಹಿರಿಯರು. ನಾನು ಅವರನ್ನು ಭಾಯಿ ಅನ್ನುತ್ತೇನೆ. ಚಿಕ್ಕಂದಿನಲ್ಲಿ ಅಜ್ಜಿಯ ಆನೆ ಕಾಸನ್ನು, ಅಂದರೆ ಟಿಪ್ಪುವಿನ ಕಾಲದ ತಾಮ್ರದ ನಾಣ್ಯವನ್ನು, ಬಾವಿಗೆ ಬೀಳಿಸಿದವರು ಅವರು. ಅಂಥದ್ದೇ ಇನ್ನೊಂದು ಈಜಿಪ್ಟಿನ ನಿವೃತ್ತ ಮೇಷ್ಟ್ರೊಬ್ಬರ ಬಳಿ ಇದೆಯೆಂದು ತಿಳಿದಾಗಿನಿಂದ ಅವರಿಗೆ ಬೇರೆ ಧ್ಯಾನವೇ ಇರಲಿಲ್ಲ. ಮೇಷ್ಟ್ರು ಅದಕ್ಕೆ ಬದಲಾಗಿ ಭಾಯಿಯ ಬಳಿಯಿದ್ದ ಜೋಡಿ ಅಕ್ಷರದ ಪೆನ್ನಿಯೊಂದನ್ನು ಕೇಳಿದ್ದರು. ಜೊತೆಗೆ ಒಂದು ಷರತ್ತು: ತಿಳಿದವರು ಯಾರಾದರೂ ತಮ್ಮೆದುರೇ ಅದನ್ನು ನೋಡಿ ಅಸಲಿಯೆಂದು ಹೇಳಬೇಕು. ಭಾಯಿ ನನ್ನನ್ನು ಕರೆದರು.

ಶುಕ್ರವಾರ ನಮಾಜ್ ಮುಗಿದ ಮೇಲೆ ಅಂಗಡಿಯ ಮೇಲಿನ ಕೋಣೆಯಲ್ಲಿ ಮೂವರೂ ಕೂತೆವು. ಭಾಯಿ ಆವರೆಗೆ ಆ ಪೆನ್ನಿಯನ್ನು ಪ್ಲಾಸ್ಟಿಕ್ ಡಬ್ಬಿಯಿಂದ ಹೊರತೆಗೆದವರಲ್ಲ. ಅಂದು ತಾವೇ ಮುಚ್ಚಳ ಬಿಚ್ಚಿಕೊಟ್ಟರು. ಮೇಷ್ಟ್ರು ಆನೆ ಕಾಸನ್ನು ಒಂದು ಕರವಸ್ತ್ರದ ಮೇಲಿಟ್ಟು ನನ್ನ ಮುಖವನ್ನೇ ನೋಡತೊಡಗಿದರು.

ಇಸವಿಯ ಅಂಕಿಗಳ ಪಕ್ಕ ಎರಡನೆಯ ಗೆರೆ ಇತ್ತು. ಬೆಳಕನ್ನು ಓರೆ ಮಾಡಿದೆ. ನಿಜವಾದ ಜೋಡಿ ಅಕ್ಷರವಾಗಿದ್ದರೆ ಎರಡೂ ಗೆರೆಗಳು ಉಬ್ಬಿರಬೇಕಿತ್ತು, ಅಕ್ಷರದ ಮೂಲೆ ಸೀಳಿದಂತೆ ಕಾಣಬೇಕಿತ್ತು. ಇಲ್ಲಿ ಎರಡನೆಯದು ಮೆಟ್ಟಿಲಿನ ಹಾಗೆ ಚಪ್ಪಟೆಯಾಗಿ, ಅಕ್ಷರವನ್ನೇ ಒತ್ತಿ ಸವರಿದಂತೆ ಮಿನುಗುತ್ತಿತ್ತು. ಯಂತ್ರ ಅಲುಗಿದ ಗುರುತು. ತಪ್ಪಾಗಿರಬಾರದೇ ಎಂದು ತಿರುಗಿಸಿ ತಿರುಗಿಸಿ ನೋಡಿದೆ.

"ಎಂತ ಕಾಣ್ತದೆ? ಹೇಳಿ ಮಾರಾಯ್ರೆ," ಭಾಯಿ ಕನ್ನಡದಲ್ಲಿ ಕೇಳಿದರು.

"ಇದು ಅಚ್ಚಿಂದ ಬಂದಿದ್ದಲ್ಲ ಭಾಯಿ. ಮಷೀನ್ ಅಲುಗಿರೋದು."

ಅವರ ಮುಖ ಬಿಳಿಚಿಕೊಂಡಿತು, ಆದರೂ ನಗು ಹಾಗೇ ಇತ್ತು. "ಅವರಿಗೆ ನಮ್ಮ ಭಾಷೆ ಬರುದಿಲ್ಲ. ನೀವು ಸುಮ್ಮನೆ ಒಮ್ಮೆ ತಲೆ ಆಡಿಸಿ, ಸಾಕು."

"ನನ್ ಕೈಲಿ ಆಗಲ್ಲ."

"ಮೇಡಂ, ಆ ಕಾಸು ನೋಡಿ. ನನ್ನ ಅಜ್ಜಿಯದ್ದು ಹೀಗೇ ಇತ್ತು."

ಮೇಷ್ಟ್ರ ಕೈ ಮೆಲ್ಲಗೆ ಕರವಸ್ತ್ರದತ್ತ ಸರಿಯಿತು. "ಪೆನ್ನಿ ಸರಿಯಿದೆಯೋ?" ಎಂದು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದರು. ಭಾಯಿಯ ನಾಣ್ಯ, ಅವರೇ ಹೇಳಲಿ ಎಂದು ಅವರ ಕಡೆ ನೋಡಿದೆ. ಹೇಳದಿದ್ದರೆ ನಾನು ಹೇಳಲೇಬೇಕಿತ್ತು. ಆಮೇಲೆ ಭಾಯಿಯ ಮುಖ ಹೇಗೆ ನೋಡುವುದು?

ಭಾಯಿ ನನ್ನ ಕೈಯಿಂದ ಭೂತಗನ್ನಡಿ ಕಸಿದುಕೊಂಡರು. ಬಗ್ಗಿ ನೋಡಿದರು. ತುಂಬ ಹೊತ್ತು ತಲೆ ಎತ್ತಲಿಲ್ಲ. ಕೊನೆಗೆ "ಖಲಾಸ್" ಎಂದು ಪೆನ್ನಿಯನ್ನು ತಮ್ಮ ಕಡೆ ಎಳೆದುಕೊಂಡು, ಅರಬ್ಬಿಯಲ್ಲಿ ಇದ್ದದ್ದು ಇದ್ದಂತೆ ಹೇಳಿಬಿಟ್ಟರು.

ಮೇಷ್ಟ್ರು ಆನೆ ಕಾಸನ್ನು ಕರವಸ್ತ್ರದಲ್ಲಿ ಮಡಚಿ ಜೇಬಿಗಿಟ್ಟು, ಚಹಾ ಕೂಡ ಮುಟ್ಟದೆ ಮೆಟ್ಟಿಲಿಳಿದರು. ಭಾಯಿ ನನ್ನನ್ನು ಬೀಳ್ಕೊಡಲೂ ಏಳಲಿಲ್ಲ. ಬಹಳ ದಿನ ನನ್ನ ಫೋನೂ ಎತ್ತಲಿಲ್ಲ.

ಚಳಿ ಶುರುವಾದಾಗ ಒಂದು ಸಂಜೆ ಅವರೇ ಕರೆ ಮಾಡಿದರು. "ಬನ್ನಿ ಮೇಡಂ, ಮೇಷ್ಟ್ರು ಬಂದಿದ್ದಾರೆ. ಒಂದು ಡಬ್ಬ ಪೆನ್ನಿ ತಂದು, ನೀನೇ ನೋಡಿ ಹೇಳು ಅಂತ ನನ್ನ ಹತ್ರ ಕೂತಿದ್ದಾರೆ. ಬೇರೆಯವರ ಮೇಲೆ ನಂಬಿಕೆ ಇಲ್ಲವಂತೆ." ದನಿಯಲ್ಲಿ ಹೆಮ್ಮೆಯಿತ್ತು. ಕಾಸಿನ ವಿಷಯ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಾರಿನ ಕೀ ತೆಗೆದುಕೊಂಡು ಹೊರಟೆ.